ಮೂಲೆಯಲ್ಲಿ ಮಾವನವರು

ಎಲ್ಲದಕ್ಕೂ ಕಾರಣ ಒಂದು ಕೆಮ್ಮು. ಅದೂ ಅಂಥ ದೊಡ್ಡ ಕೆಮ್ಮೇನಲ್ಲ, ಗಂಟಲು ಸರಿಮಾಡಿಕೊಳ್ಳುವಷ್ಟು ಸಣ್ಣದು. ಆದರೆ ಬಂದ ಗಳಿಗೆ ಸರಿಯಿರಲಿಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಗೆ, ಒಂಬತ್ತಡಿ ಅಗಲ ಹತ್ತಡಿ ಉದ್ದದ ಕೋಣೆಯಲ್ಲಿ, ಹೊಸ ಸ್ಪೀಕರುಗಳ ಎದುರು ಕಿವಿರಾಯ ಕಣ್ಣು ಮುಚ್ಚಿ ಕೂತಿದ್ದ. ಪಿಟೀಲಿನ ದನಿ ಇಳಿದು ಇಳಿದು, ದಾರದ ಎಳೆಯಷ್ಟು ತೆಳ್ಳಗಾಗಿ, ಇನ್ನೇನು ಇಲ್ಲವಾಗಬೇಕು ಎನ್ನುವಾಗ ಮೂಲೆಯ ಮಂಚದಿಂದ ‘ಖೊಕ್’ ಎಂದಿತು.

"ಮುಗೀತು," ಎಂದು ಕಿವಿರಾಯ ತಲೆ ಮೇಲೆ ಕೈಯಿಟ್ಟುಕೊಂಡ.

ಕಿವಿರಾಯ ಎನ್ನುವುದು ಬೀದಿಯವರು ಇಟ್ಟ ಹೆಸರು. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಯಂತ್ರ ನಡೆಸುತ್ತಿದ್ದವನು. ಯಾವ ಉರುಳೆಗೆ ಎಣ್ಣೆ ಬತ್ತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ. ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ, ಯಾರ ನೀರಿನ ಪಂಪು ಗೊರಗುಟ್ಟಿದರೂ ಮೊದಲು ಅವನ ಕಿವಿಗೆ ತೋರಿಸಿ ಆಮೇಲೆ ರಿಪೇರಿಯವನಿಗೆ ತೋರಿಸುವುದು ರೂಢಿ. ಅಂಥ ಕಿವಿಯನ್ನು ಅದೇ ಯಂತ್ರದ ಸದ್ದು ದಿನಕ್ಕಿಷ್ಟು ಎಂದು ತಿಂದುಹಾಕಿತ್ತು. ಮೂರು ತಿಂಗಳ ಹಿಂದೆ ಕಿವಿ ಡಾಕ್ಟರು ಮುಖ ನೋಡದೆ ಹೇಳಿಬಿಟ್ಟಿದ್ದರು: "ಬಲಗಿವಿ ಅರ್ಧ ಹೋಗಿದೆ. ಎಡಗಿವೀನೂ ಅದರ ಹಿಂದೇನೇ ಹೊರಟಿದೆ. ಒಂದು ವರ್ಷ ಅಂದ್ಕೊಳ್ಳಿ. ಜೋರು ಸದ್ದು ಕೇಳಿದ್ರೆ ಅಷ್ಟೂ ಇಲ್ಲ."

ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿ, ಕಂಡಕಂಡವರು ಬಂದು ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಮರುಕ ಪಡುತ್ತಾರೆ. ಅದು ಅವನಿಗೆ ಬೇಡವಾಗಿತ್ತು. ಉಳಿದಿರುವ ಒಂದು ವರ್ಷ ಮೆಲ್ಲನೆಯ ದನಿಯಲ್ಲಿ, ಸ್ಪಷ್ಟವಾಗಿ, ಹೊಟ್ಟೆ ತುಂಬ ಸಂಗೀತ ಕೇಳಿಬಿಡಬೇಕು. ಅವನ ಆಸೆ ಇಷ್ಟೇ.

ಅದಕ್ಕೇ ಎದೆಮಟ್ಟ ಎತ್ತರದ ಹಳೆಯ ಸ್ಪೀಕರುಗಳನ್ನು ಕೊಟ್ಟು ಮೊಳದುದ್ದದ ಹೊಸ ಜೋಡಿಯನ್ನು ತಂದಿದ್ದ. "ಬೆಂಕಿಪೊಟ್ಟಣದಂಥ ಕೋಣೇಲಿ ಆನೆ ಕಟ್ಟಿದೀರಲ್ಲ ಸ್ವಾಮಿ! ಸಣ್ಣ ಕೋಣೆಗೆ ಸಣ್ಣ ಸ್ಪೀಕರೇ ಸರಿ," ಎಂದು ಅಂಗಡಿಯವನು ಬುದ್ಧಿ ಹೇಳಿದ್ದ. ಹೆಂಡತಿ ಹೊಸ ಜೋಡಿಯನ್ನು ಮೇಲಿಂದ ಕೆಳಗೆ ನೋಡಿ, "ದೊಡ್ಡದು ಕೊಟ್ಟು ಚಿಕ್ಕದು ತಂದಿದ್ದೀರಿ, ಸರಿ. ಅಂಗಡಿಯವನು ಎಷ್ಟು ವಾಪಸ್ ಕೊಟ್ಟ?" ಎಂದು ಕೇಳಿದಳು. "ನಾನೇ ಮೇಲೆ ಕೊಟ್ಟೆ," ಎಂದ. ಆಕೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಹೋಗಿ ಕೂತಿದ್ದಳು.

ಆದರೆ ಸ್ಪೀಕರು ಮಾತ್ರ ಮಾತು ಉಳಿಸಿಕೊಂಡಿತ್ತು. ಪಕ್ಕದವರ ಪಿಸುಮಾತಿನಷ್ಟು ಮೆಲ್ಲಗೆ ಹಾಕಿದರೂ ಕಮಾನು ತಂತಿಯನ್ನು ಮುಟ್ಟುವ ಸದ್ದು ಕೂಡ ಕೇಳುತ್ತಿತ್ತು. ತೊಂದರೆಯೆಂದರೆ ಮಾವನವರದು. ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿದ್ದವರು, ತೊಂಬತ್ತು ಕಿಲೋ ತೂಕದ ಆಸಾಮಿ. ಸೊಂಟ ಮುರಿದು ಮೂರು ವಾರಕ್ಕೆಂದು ಮಗಳ ಮನೆಗೆ ಬಂದವರು ಎರಡು ವರ್ಷದಿಂದ ಅದೇ ಕೋಣೆಯ ಮೂಲೆಯಲ್ಲಿ ಮಲಗಿದ್ದರು. ಪಾಪ, ಬಾಯಿ ಬಿಡುತ್ತಿರಲಿಲ್ಲ. ಊಟ ಬೇಕೆ ಎಂದರೆ ‘ಹೂಂ’, ಸಾಕೆ ಎಂದರೂ ‘ಹೂಂ’. ಆದರೆ ಸಂಗೀತದಲ್ಲಿ ಮೌನ ಬರುವ ಜಾಗ ಅವರ ಗಂಟಲಿಗೆ ಹೇಗೋ ಗೊತ್ತಾಗುತ್ತಿತ್ತು. ಸರಿಯಾಗಿ ಅಲ್ಲೇ ಕೆಮ್ಮು. ಮಾವನವರ ಉಸಿರು ಮೊದಲು ಹೋಗುತ್ತದೋ ತನ್ನ ಕಿವಿ ಮೊದಲು ಹೋಗುತ್ತದೋ ಎಂದು ಕಿವಿರಾಯ ಒಳಗೊಳಗೇ ಯೋಚಿಸಿದ್ದುಂಟು. ಯೋಚಿಸಿದಾಗೆಲ್ಲ ತನ್ನ ಮೇಲೆ ತನಗೇ ಹೇಸಿಗೆ ಆಗುತ್ತಿತ್ತು. ಆದರೂ ಮಾರನೆಯ ದಿನ ಮತ್ತೆ ಯೋಚಿಸುತ್ತಿದ್ದ. ಮಾವನವರ ನಾಡಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಆ ಭಾನುವಾರ ತಾಳ್ಮೆ ತಪ್ಪಿತು. ನೇರ ಅಡುಗೆಮನೆಗೆ ಹೋಗಿ, "ನೋಡು, ನಿಮ್ಮಪ್ಪನಿಗೆ ಗಾಳಿ ಸಾಲ್ತಿಲ್ಲ. ಕೆಮ್ಮು ಕೇಳಿದ್ಯಾ? ನಿನ್ನ ತಮ್ಮನ ಮನೇಲಿ ಕಿಟಕಿ ಇರೋ ಕೋಣೆ ಇದೆ. ಮಗ ಅಂತ ಅವನಿಗೂ ಕರ್ತವ್ಯ ಇಲ್ವಾ?" ಎಂದ.

"ಕಿಟಕಿ ನೆನಪಾಗೋಕೆ ಎರಡು ವರ್ಷ ಬೇಕಾಯ್ತಾ?" ಎಂದು ಹೆಂಡತಿ ಕೇಳಿದಳು. ಆದರೂ ತಮ್ಮನಿಗೆ ಫೋನು ಮಾಡಿದಳು. ಅವನು ಹತ್ತು ಗಂಟೆಗೆ ಪಿಕಪ್ ಗಾಡಿ ತಂದ. ನಾಲ್ಕು ಜನ ಸೇರಿ ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ ಎರಡು ಮಹಡಿ ಇಳಿಸಿದರು. ಹಿಂದೆಯೇ ಅವರ ಮೂರು ಹತ್ತಿ ಹಾಸಿಗೆ, ಎರಡು ರಜಾಯಿ, ಆರು ದಿಂಬು ಇಳಿದವು. ಮಾವನವರು ಅಳಿಯನ ಮುಖವನ್ನು ಒಮ್ಮೆ ನೋಡಿದರು. ಅಪ್ಪನಿಗೆ ಹಾಸಿಗೆ ಹಾಸಿಕೊಟ್ಟು ಬರುತ್ತೇನೆಂದು ಹೆಂಡತಿಯೂ ಗಾಡಿ ಹತ್ತಿದಳು.

ಕಿವಿರಾಯ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಮೇಲೆ ಬಂದ. ಬಾಗಿಲು ಹಾಕಿದ. ಕೂತ. ಪಿಟೀಲು ಶುರು ಮಾಡಿದ.

ಗುಂಯ್ ಎಂದಿತು. ಪಿಟೀಲಿನ ಜೊತೆಗಿದ್ದ ಮೃದಂಗ ಮೃದಂಗವಾಗಿ ಉಳಿಯದೆ, ಯಾರೋ ಖಾಲಿ ಡ್ರಮ್ಮಿನೊಳಗೆ ಕೂತು ಗುದ್ದಿದಂತೆ ಕೇಳಿಸಿತು. ಪಿಟೀಲು ಅದರಡಿ ಸಿಕ್ಕಿ ಉಸಿರುಗಟ್ಟುತ್ತಿತ್ತು. ಕಿವಿರಾಯ ಕೂಡಲೇ ಆರಿಸಿದ. ‘ಹೋಯ್ತು. ಒಂದು ವರ್ಷ ಅಂದ್ರಲ್ಲ ಡಾಕ್ಟರು, ಇವತ್ತೇ ಹೋಯ್ತು,’ ಎಂದುಕೊಂಡ. ಖಾಲಿ ಮಂಚದ ಮೇಲೆ ಕೂತು, ಐವತ್ಮೂರು ವರ್ಷದ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಅತ್ತ ಮೇಲೆ ಅಂಗಡಿಯವನಿಗೆ ಫೋನು ಮಾಡಿದ.

ಅಂಗಡಿಯವನು ಮೈಕು, ವೈರು, ಲ್ಯಾಪ್‌ಟಾಪು ಹೊತ್ತುಕೊಂಡು ಬಂದ. ಅವನ ಹಿಂದೆ, ಯಾರೂ ಕರೆಯದಿದ್ದರೂ, ಕೆಳಮನೆಯ ದರ್ಜಿ ಅಕ್ಕ ಬಂದಳು. ಆಕೆಯ ಹಿಂದೆ ಮೇಲ್ಮನೆಯ ನಿವೃತ್ತ ಹೆಡ್‌ಮಾಸ್ತರು ಬಂದರು. ಆ ಕಟ್ಟಡದಲ್ಲಿ ಯಾರ ಮನೆಗೆ ಯಾರು ಬಂದರೂ ಇವರಿಬ್ಬರು ಇರಲೇಬೇಕು.

ಅಂಗಡಿಯವನು ಕೋಣೆಯ ಮಧ್ಯೆ ಮೈಕು ನಿಲ್ಲಿಸಿ ಅದೇನೋ ಊಳಿಡುವ ಸದ್ದು ಹಾಕಿ ನೋಡಿದ. "ನಿಮ್ಮ ಕಿವಿ ಸರಿಯಾಗೇ ಇದೆ ಸ್ವಾಮಿ. ಕೋಣೆ ಕೆಟ್ಟಿದೆ. ತಗ್ಗಿನ ಸ್ವರ ಎಲ್ಲ ಹೋಗಿ ಆ ಮೂಲೇಲಿ ಸೇರ್ಕೊಂಡು ಗುಂಗುಡ್ತಿದೆ. ಮೊದಲು ಏನಿತ್ತು ಅಲ್ಲಿ?"

"ನಮ್ಮ ಮಾವ."

"ತೂಕ?"

"ತೊಂಬತ್ತು ಕಿಲೋ. ಕೆಳಗೆ ಮೂರು ಹತ್ತಿ ಹಾಸಿಗೆ."

"ಅಲ್ಲಾಡ್ತಿದ್ರಾ?"

"ಇಲ್ಲ."

"ಮಾತು?"

"ಎರಡು ವರ್ಷದಿಂದ ಇಲ್ಲ."

ಅಂಗಡಿಯವನು ಲ್ಯಾಪ್‌ಟಾಪು ಮುಚ್ಚಿ ಅವನನ್ನೇ ನೋಡಿದ. "ಅಲ್ಲ ಸ್ವಾಮಿ, ಹತ್ತಿ ಸದ್ದು ಕುಡಿಯುತ್ತೆ, ಮನುಷ್ಯನ ಮೈಯೂ ಸದ್ದು ಕುಡಿಯುತ್ತೆ. ನಾವು ಇದಕ್ಕೆ ಅಂತ ದಪ್ಪ ಹಲಗೆ ಮಾರ್ತೀವಿ, ಅದು ಕೂಡ ನಿಮ್ಮ ಮಾವನವರಷ್ಟು ಚೆನ್ನಾಗಿ ಕೆಲಸ ಮಾಡಲ್ಲ. ಅಂಥವರನ್ನ ಕಳಿಸಿಬಿಟ್ರಾ?"

"ಹಿತ್ತಲ ಗಿಡ ಮದ್ದಲ್ಲ ಅಂತ ಅದಕ್ಕೇ ಹೇಳೋದು," ಎಂದರು ಹೆಡ್‌ಮಾಸ್ತರು.

ದರ್ಜಿ ಅಕ್ಕ ಸುಮ್ಮನಿರಲಾರದೆ ಚಿಂದಿ ಬಟ್ಟೆಯ ನಾಲ್ಕು ಮೂಟೆ ತಂದು ಮಂಚಕ್ಕೆ ಪೇರಿಸಿದಳು. ಅರ್ಧ ಗುಂಗು ಇಳಿಯಿತು. "ಇನ್ನರ್ಧಕ್ಕೆ ಆಳೇ ಬೇಕು. ದಪ್ಪನೆಯವರು, ಮೆತ್ತನೆಯವರು," ಎಂದ ಅಂಗಡಿಯವನು. ಎಲ್ಲರ ಕಣ್ಣೂ ಹೆಡ್‌ಮಾಸ್ತರ ಹೊಟ್ಟೆಯ ಮೇಲೆ ಬಿತ್ತು.

"ವಿಜ್ಞಾನಕ್ಕೋಸ್ಕರ ಅಂದ್ರೆ ನಾನು ಸಿದ್ಧ," ಎಂದು ಅವರು ಕನ್ನಡಕ ತೆಗೆದಿಟ್ಟು ಮೂಟೆಗಳ ಮೇಲೆ ಒರಗಿದರು. ಮೈಕಿನಲ್ಲಿ ಫಲ ಕಂಡಿತು. ಆದರೆ ಮನುಷ್ಯ ಸುಮ್ಮನೆ ಮಲಗುವವರಲ್ಲ. ಪಿಟೀಲು ಶುರುವಾದೊಡನೆ, "ಇದು ಯಾರು ನುಡಿಸಿದ್ದು? ಶ್ರುತಿ ಸ್ವಲ್ಪ ಹೆಚ್ಚಾಯ್ತಲ್ವೇ?" ಎಂದರು.

"ಮಾಸ್ತರೇ, ದಯವಿಟ್ಟು! ಹೆಣದ ಹಾಗೆ ಮಲಗಿ!" ಎಂದು ಕಿವಿರಾಯ ಕೈ ಮುಗಿದ. ದರ್ಜಿ ಅಕ್ಕ ಅವರ ಬಾಯಿಗೆ ಬೇರೆ ಉಪಾಯ ಕಾಣದೆ ಬಿಳಿ ಬಟ್ಟೆಯೊಂದನ್ನು ಮುಖದವರೆಗೂ ಹೊದಿಸಿದಳು. ಹೆಡ್‌ಮಾಸ್ತರು ಕೈ ಜೋಡಿಸಿ ಎದೆಯ ಮೇಲಿಟ್ಟುಕೊಂಡರು. ಮಿಕ್ಕವರು ತಲೆ ತಗ್ಗಿಸಿ ನಿಂತು ಕೇಳತೊಡಗಿದರು.

ಆ ಹೊತ್ತಿಗೆ ಹೆಂಡತಿ ವಾಪಸು ಬಂದಳು. ಅಪ್ಪನ ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದ ದೊಡ್ಡ ದೇಹ. ಸುತ್ತ ಮೂರು ಜನ ಮೌನವಾಗಿ ನಿಂತಿದ್ದಾರೆ. ಪಿಟೀಲು ಅಳುತ್ತಿದೆ. ಆಕೆ ಕಿಟಾರನೆ ಕಿರುಚಿದಳು. ಹೆಣ ದಿಗ್ಗನೆ ಎದ್ದು ಕೂತು, "ಏನಾಯ್ತಮ್ಮಾ, ಯಾರು ಹೋದ್ರು?" ಎಂದು ಕೇಳಿತು. ಆಕೆ ಅಲ್ಲೇ ಕುಸಿದಳು.

ನೀರು ಚಿಮುಕಿಸಿ ಎಬ್ಬಿಸಿದ ಮೇಲೆ, "ಈ ಮನೇಲಿ ಏನ್ರೀ ನಡೀತಿದೆ?" ಎಂದಳು.

ಕಿವಿರಾಯನಿಗೆ ಸುಳ್ಳು ಹೊಳೆಯಲಿಲ್ಲ, ನಿಜ ಹೇಳುವ ಧೈರ್ಯವೂ ಬರಲಿಲ್ಲ. "ಮಾವನವರು ಇಲ್ದೆ ಈ ಕೋಣೇಲಿ ಇರೋಕೇ ಆಗ್ತಿಲ್ಲ ಕಣೇ," ಎಂದ.

"ಹೌದಮ್ಮಾ, ಬೆಳಿಗ್ಗೆ ಒಬ್ಬರೇ ಕೂತು ಅಳೋದು ನಮ್ಮನೆಗೂ ಕೇಳಿಸ್ತು," ಎಂದು ದರ್ಜಿ ಅಕ್ಕ ಸಾಕ್ಷಿ ನುಡಿದಳು. ಹೆಂಡತಿಯ ಕಣ್ಣು ತುಂಬಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ಗಂಡನನ್ನು ಹಾಗೆ ನೋಡಿದ್ದು ಅದೇ ಮೊದಲು.

ನಾಲ್ಕು ಗಂಟೆಗೆ ಇಬ್ಬರೂ ಊರಿನ ಆಚೆ ತುದಿಯಲ್ಲಿದ್ದ ತಮ್ಮನ ಮನೆ ಮುಟ್ಟಿದರು. ಅಲ್ಲಿ ಮಾವನವರು ದೊಡ್ಡ ಕಿಟಕಿಯ ಪಕ್ಕ ಒರಗಿದ್ದರು. ಕಿಟಕಿಯಾಚೆ ರೈಲು ಹಳಿ. ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು, ಅವರ ತುಟಿ ಸದ್ದಿಲ್ಲದೆ ವ್ಯಾಗನ್ನುಗಳನ್ನು ಎಣಿಸುತ್ತಿತ್ತು. ಎರಡು ವರ್ಷದಲ್ಲಿ ಆ ಮುಖದಲ್ಲಿ ಅಷ್ಟು ಕಳೆಯನ್ನು ಕಿವಿರಾಯ ಕಂಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಈ ಮುದುಕನನ್ನು ಬೆಳಕಿನಿಂದ ಎಳೆದುಕೊಂಡು ಹೋಗಿ ಮತ್ತೆ ಮೂಲೆಗೆ ತುರುಕುವುದೆ? ವಾಪಸು ಹೋಗಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಬಲಗಿವಿಯಲ್ಲಿ ಕುಂಯ್ ಎಂದು ಸಣ್ಣಗೆ ಸೀಟಿ ಹೊಡೆಯಿತು. ನಾಚಿಕೆ ಹಾರಿಹೋಯಿತು.

"ಮಾವ, ಮನೆಗೆ ಬನ್ನಿ. ತಪ್ಪಾಯ್ತು. ನೀವಿಲ್ದೆ ಆಗಲ್ಲ," ಎಂದು ಮಂಚದ ಅಂಚು ಹಿಡಿದ. ಕಣ್ಣಲ್ಲಿ ನೀರು ತಾನಾಗಿ ಬಂತು. ನೀರೇನೋ ನಿಜದ್ದೇ.

"ಬೆಳಿಗ್ಗೆ ತಳ್ಳೋದು, ಸಂಜೆ ಎಳೆಯೋದು, ನಮ್ಮಪ್ಪ ಏನು ಬೀರೂನಾ ಭಾವಾ?" ಎಂದು ಹೆಂಡತಿಯ ತಮ್ಮ ರೇಗಿದ.

ಮಾವನವರು ಕೈಯೆತ್ತಿ ಮಗನನ್ನು ಸುಮ್ಮನಾಗಿಸಿದರು. ಕಿಟಕಿ ನೋಡಿದರು, ಅಳಿಯನನ್ನು ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ಪೂರ್ತಿ ಮಾತಾಡಿದರು: "ಗಾರ್ಡು ಅಂದ್ರೆ ಗಾಡಿಯ ಕೊನೇ ಡಬ್ಬಿಯೋನು. ನನ್ನ ಹಿಂದೆ ಯಾವತ್ತೂ ಯಾರೂ ಬಂದಿರ್ಲಿಲ್ಲ. ನಡಿಯಪ್ಪ, ಹೋಗೋಣ."

ಹಾಸಿಗೆ, ರಜಾಯಿ, ದಿಂಬುಗಳೆಲ್ಲ ಮತ್ತೆ ಗಾಡಿ ಹತ್ತಿದವು. ಹೆಂಡತಿಯ ತಮ್ಮ ಮುನಿಸಿನಿಂದ ಕುರ್ಚಿಗೆ ಕೈ ಹಚ್ಚಲಿಲ್ಲ. ಅವನ ಪಾಲಿನ ಭಾರವನ್ನು ಕಿವಿರಾಯನೇ ಹೊತ್ತು ಎರಡು ಮಹಡಿ ಹತ್ತುವಾಗ ಸೊಂಟದಲ್ಲಿ ಏನೋ ಕಳಕ್ಕೆಂದಿತು. ಅವನು ಲೆಕ್ಕಿಸಲಿಲ್ಲ. ಆರೂವರೆಗೆ ಮಾವನವರು ಮೂಲೆಯಲ್ಲಿ ನೆಲೆಯಾದರು. ಸೊಂಟ ಹಿಡಿದುಕೊಂಡು ಕಿವಿರಾಯ ಕುರ್ಚಿಯಲ್ಲಿ ಕೂತ. ಕಣ್ಣು ಮುಚ್ಚಿದ.

ಪಿಟೀಲು ಎದ್ದಿತು. ಗುಂಗಿಲ್ಲ, ಗದ್ದಲವಿಲ್ಲ. ತಂತಿ ತಂತಿಯೂ ಬೇರೆ ಬೇರೆ, ಎಳೆ ಎಳೆಯೂ ಮುಟ್ಟಿ ನೋಡುವಷ್ಟು ಹತ್ತಿರ. ಕಿವಿರಾಯನ ಎದೆ ಹಗುರಾಯಿತು. ಇನ್ನೊಂದು ವರ್ಷ ಹೀಗೇ ಸಿಕ್ಕರೆ ಸಾಕು, ಆಮೇಲೆ ಕಿವುಡಾದರೂ ಚಿಂತೆಯಿಲ್ಲ ಎಂದುಕೊಂಡ.

"ಮಗಾ," ಎಂದರು ಮಾವನವರು.

ಕಿವಿರಾಯ ಕಣ್ಣು ಬಿಟ್ಟ.

"ಬಂದ ಮೊದಲನೇ ವಾರ ನಾನೇನೋ ಹೇಳೋಕೆ ಹೋದೆ, ನೀನು ತುಟಿ ಮೇಲೆ ಬೆರಳಿಟ್ಟೆ. ಇವನಿಗೆ ನಾನು ಬೇಡ ಅಂದ್ಕೊಂಡೆ. ಅವತ್ತಿಂದ ಬಾಯಿ ಹೊಲ್ಕೊಂಡಿದ್ದೆ. ನಿನ್ನ ಮನಸ್ಸು ನಂಗೆ ಗೊತ್ತಾಗ್ಲಿಲ್ಲ ನೋಡು." ಅವರು ಮೂಗೊರೆಸಿಕೊಂಡರು. "ಮೂವತ್ತಾರು ವರ್ಷ ಗಾರ್ಡ್ ಡಬ್ಬೀಲಿ ಒಬ್ಬನೇ ಕೂತಿದ್ದೆ. ಹೇಳ್ಕೊಳ್ಳೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ಎಲ್ಲಾ ಇಲ್ಲೇ ಇದೆ, ಒಂದೂ ಮರೆತಿಲ್ಲ. ಆ ಪೆಟ್ಟಿಗೆ ಸ್ವಲ್ಪ ಆರಿಸು ಮಗಾ, ನನ್ನ ಮಾತು ನಿಂಗೆ ಸರಿಯಾಗಿ ಕೇಳಬೇಕಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆರಿಸ್ರೀ," ಎಂದಳು. ಮಾಡಿದ್ದುಣ್ಣೋ ಮಹರಾಯ! ಕಿವಿರಾಯ ಆರಿಸಿದ.

"ಮೊದಲನೇ ದಿನದ ಡ್ಯೂಟಿಯಿಂದಲೇ ಶುರು ಮಾಡ್ತೀನಿ. ಅವತ್ತು ಗಾಡೀಲಿ ನಲವತ್ತೆರಡು ವ್ಯಾಗನ್ನು. ಮೊದಲನೇದ್ರಲ್ಲಿ ಸಿಮೆಂಟು. ಎರಡನೇದ್ರಲ್ಲೂ ಸಿಮೆಂಟು. ಮೂರನೇದ್ರಲ್ಲಿ... ಇರು, ಅವಸರ ಮಾಡಬಾರದು... ಮೂರನೇದೂ ಸಿಮೆಂಟೇ, ಆದ್ರೆ ಎರಡು ಮೂಟೆ ಒಡೆದಿತ್ತು. ಯಾಕೆ ಒಡೀತು ಅಂತ ಕೇಳು."

"ಯಾಕೆ ಒಡೀತು ಮಾವ?" ಎಂದು ಕೇಳಿದ ಕಿವಿರಾಯ.

ಅಪ್ಪ ಮಗನಂತೆ ಕೂತವರಿಗೆ ತೊಂದರೆಯಾಗಬಾರದೆಂದು ಹೆಂಡತಿ ಬಾಗಿಲನ್ನು ಮೆಲ್ಲಗೆ ಮುಂದೆ ಎಳೆದುಕೊಂಡಳು. ಮಾವನವರು ಹೇಳತೊಡಗಿದರು. ಆ ಸಣ್ಣ ಕೋಣೆಯಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.