ಜಗಳವಿಲ್ಲದ ಶುಕ್ರವಾರ

ಗಂಗಾಶ್ರೀ ರಂಗೋಲಿಯ ಕೊನೆಯ ಎಳೆ ಎಳೆಯುವಷ್ಟರಲ್ಲಿ, ಪಕ್ಕದ ಮನೆಯ ರಾಜಪ್ಪ ಸ್ಕೂಟರ್ ತೊಳೆದ ನೀರು ಬಂದು ಚುಕ್ಕಿಗಳನ್ನೆಲ್ಲ ಕಲಸಿಕೊಂಡು ಚರಂಡಿಗಿಳಿಯಿತು. ಈ ನೀರಿಗಾಗಿ ಅವಳ ಗಂಡ ತೀರ್ಥೇಶ್ ಕೂಗಾಡದೆ ಶಿಕಾರಿಪುರದ ಆ ಓಣಿಗೆ ಬೆಳಗಾಗುತ್ತಲೇ ಇರಲಿಲ್ಲ.

ಆದರೆ ಈಗ ಅವನು ಕೂಗಬಾರದು. ನಿನ್ನೆ ಶಿವಮೊಗ್ಗದ ಡಾಕ್ಟರು ಅವಳೊಬ್ಬಳನ್ನೇ ಕರೆದು ಹೇಳಿದ್ದರು: ತೀರ್ಥೇಶನ ಮಿದುಳಿನ ರಕ್ತನಾಳವೊಂದು ಹಳೇ ಸೈಕಲ್ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬಿದೆ, ಗೋಡೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಡೆದರೆ ಜೀವಕ್ಕೇ ಅಪಾಯ. ಸೋಮವಾರ ತೊಡೆಯ ನಾಳದಿಂದ ತಂತಿ ತೂರಿಸಿ, ಉಬ್ಬಿನ ಬಾಯಿ ಮುಚ್ಚುವಂತೆ ಪೊರೆ ಹೊದಿಸಿದ ಸ್ಟೆಂಟ್ ಎಂಬ ಸಣ್ಣ ಕೊಳವೆ ಕೂರಿಸಬೇಕು. ಅಲ್ಲಿಯವರೆಗೆ ಸಿಟ್ಟು, ಗಾಬರಿ ಕೂಡದು. ಅದಕ್ಕೇ ಅವಳು ಗಂಡನಿಗೆ, "ಬರೀ ತಲಿನೋವಂತ್ರೀ, ಸೋಮವಾರ ಇನ್ನೊಂದು ಟೆಸ್ಟ್ ಐತಂತ" ಎಂದಷ್ಟೇ ಹೇಳಿದ್ದಳು.

ರಂಗೋಲಿ ಡಬ್ಬಿ ಅಲ್ಲೇ ಬಿಟ್ಟು ರಾಜಪ್ಪನ ಬಳಿ ಓಡಿದಳು. ಪುಟ್ಟ ಮಗಳು ನೀಲಾ ಹಿಂದೆಯೇ ಬಂದಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಅಣ್ಣಾರೇ, ಸೋಮವಾರದ ತನಕ ಜಗಳ ಬ್ಯಾಡ್ರೀ." ಎಲ್ಲವನ್ನೂ ಪಿಸುಗುಟ್ಟಿದಳು.

ರಾಜಪ್ಪನ ಕೈಯಿಂದ ಪೈಪು ಜಾರಿತು. "ನಾ ಏನು ಕಟುಕ ಏನವ್ವಾ? ನೋಡ್ತಿರು, ಹೂವಿನಂಗ ನೋಡ್ಕೊಂತೀನಿ."

ನೋಡಿಕೊಂಡಿದ್ದೇ ಎಡವಟ್ಟಾಯಿತು. ತೀರ್ಥೇಶ್ ಹೊರಗೆ ಬಂದು ಬಾಯಿ ತೆರೆಯುವ ಮೊದಲೇ ರಾಜಪ್ಪ ಪೊರಕೆ ಹಿಡಿದು ಇವರ ಅಂಗಳ ಗುಡಿಸುತ್ತಿದ್ದ. "ತಪ್ಪು ನಂದ, ತೀರ್ಥಣ್ಣ." ಮಧ್ಯಾಹ್ನ, ಎರಡು ವರ್ಷದಿಂದ ತಕರಾರಿದ್ದ ತೆಂಗಿನಮರದ ಎಳನೀರು ತಂದಿಟ್ಟ. ಸಂಜೆ ಬಂದು, "ಕಾಂಪೌಂಡ್ ಒಂದಡಿ ಹಿಂದ ಸರಸ್ತೀನಿ. ಹೋಗೋವಾಗ ಏನು ಹೊತ್ಕೊಂಡು ಹೋಗ್ತೀವಿ?" ಎಂದು ಕಣ್ಣೊರೆಸಿಕೊಂಡು ಹೋದ.

ತೀರ್ಥೇಶ್ ರೊಟ್ಟಿ ಮುಟ್ಟಲಿಲ್ಲ. ಹಿತ್ತಲಿಗೂ ಅಂಗಳಕ್ಕೂ ಸುತ್ತಿದ. ಕೊನೆಗೆ ಗೋಡೆಗೊರಗಿ ಕುಸಿದ.

"ಗಂಗಾ, ರಾಜಪ್ಪಗ ಏನೋ ದೊಡ್ಡ ಕಾಯಿಲೆ ಬಂದೈತಲೇ. ಇಲ್ದಿದ್ರ ಆ ಮನುಷ್ಯ ಕಾಂಪೌಂಡ್ ಬಿಡ್ತಾನೇನು? ಸಾಯೋನನ್ನ ದಿನಾ ಬೈದೆನಲ್ಲೇ!" ಬಿಕ್ಕಳಿಸುತ್ತ ತಲೆ ಹಿಡಿದುಕೊಂಡ.

ಗಂಗಾಶ್ರೀ ನೀರಿನ ಲೋಟ ಹಿಡಿದು ಹತ್ತಿರ ಕೂತಳು. ಹೌದೆಂದರೆ ಅವನಿಗೆ ಗಾಬರಿ, ಅಲ್ಲವೆಂದರೆ ಇನ್ನೂ ದೊಡ್ಡ ಗಾಬರಿ. ಅಷ್ಟರಲ್ಲಿ ಅಳು ಕೇಳಿ ರಾಜಪ್ಪನೇ ಒಳಗೆ ನುಗ್ಗಿದ. ತೀರ್ಥೇಶ್ ಎದ್ದು ಅವನನ್ನು ತಬ್ಬಿಕೊಂಡ. "ಹೆದರಬ್ಯಾಡ, ನಾ ಅದೀನಿ!"

"ನೀನೂ ಹೆದರಬ್ಯಾಡಪ್ಪಾ!" ಎಂದು ರಾಜಪ್ಪನೂ ಗೋಳೋ ಎಂದ.

ನೀಲಾ ತಟ್ಟೆಯಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದಳು. ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡದ್ದನ್ನು ಕೊನೆಗೂ ಕೇಳಿದಳು.

"ಅಮ್ಮಾ, ಸಾಯೋರು ಯಾರು? ಅಪ್ಪನಾ, ರಾಜಪ್ಪ ಮಾಮನಾ?"