ಬೆಂದ ಸಾಕ್ಷಿ

ವಕೀಲರು: ಸುತ್ತಿ ಬಳಸಿ ಮಾತಾಡಬ್ಯಾಡ. ಚೀಲ ಎಲ್ಲಿ ಅದ, ಅಷ್ಟ ಹೇಳು.

ವಿಮಲಾಬಾಯಿ: ಚೀಲ ಅಲ್ಲೇ ಹಗ್ಗದ ಮ್ಯಾಲ ಅದರಿ. ತೊಳದು ಒಣಗಲಾಕ ಹಾಕೀನಿ.

ವಕೀಲರು: ತೊಳದಿ? ಅದರಾಗಿನ ಬ್ಯಾಳಿ?

ವಿಮಲಾಬಾಯಿ: ಅದನ್ನೂ ತೊಳದೀನ್ರಿ. ತೊಳೀದೆ ಯಾರಾದ್ರೂ ಬ್ಯಾಳಿ ಒಲಿ ಮ್ಯಾಲ ಇಡ್ತಾರೇನು?

ದತ್ತಾತ್ರಿ ವಕೀಲರು ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತರು. ಮೈಮೇಲೆ ಕರಿ ಕೋಟು, ಇನ್ನೊಂದು ತಾಸಿಗೆ ಕೋರ್ಟು. ಬೀದರಿನಲ್ಲಿ ಮೂವತ್ತು ವರ್ಷದಿಂದ ವ್ಯಾಪಾರಿಗಳ ಜಗಳವೇ ಅವರ ಹೊಲ. ಮಳೆ ಕೈಕೊಟ್ಟ ವರ್ಷಗಳಲ್ಲೂ ಆ ಹೊಲದಲ್ಲಿ ಬೆಳೆ ತಪ್ಪಿದ್ದಿಲ್ಲ. ಅದು ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತರಿಸುತ್ತಿದ್ದ ವರ್ಷ. ಗಾಂಧಿ ಗಂಜ್ ಮಾರುಕಟ್ಟೆಯ ಕಾಶೀರಾಮ ಸಾವಕಾರರು ಭಾಲ್ಕಿಯ ಮಕ್ಬೂಲ ಸೇಟರ ಮಿಲ್ಲಿನಿಂದ ಇನ್ನೂರು ಚೀಲ ತೊಗರಿ ಬೇಳೆ ಕೊಂಡಿದ್ದರು. ಆಮೇಲೆ ‘ಇದು ಬೇಯುವುದೇ ಇಲ್ಲ, ಮಾಲು ವಾಪಸು ಒಯ್ಯಿರಿ’ ಎಂದು ದತ್ತಾತ್ರಿಯವರ ಕೈಲಿ ದಾವೆ ಹೂಡಿಸಿದ್ದರು. ಮಾದರಿಗೆಂದು ಮೊಹರು ಹಾಕಿದ ಎರಡೆರಡು ಕಿಲೋ ಬೇಳೆಯ ಚೀಲ ಒಂದು ದತ್ತಾತ್ರಿಯವರ ಹತ್ತಿರ, ಒಂದು ಸೇಟರ ಹತ್ತಿರ. ಎರಡನ್ನೂ ಇವತ್ತು ಕೋರ್ಟಿನಲ್ಲಿ ಹಾಜರುಪಡಿಸಬೇಕು. ವಕೀಲರ ಪಾಲಿನ ಸಾಕ್ಷಿಗೆ ಅವರ ಹೆಂಡತಿ ವಿಮಲಾಬಾಯಿ ನಿನ್ನೆಯೇ ಒಗ್ಗರಣೆ ಕೊಟ್ಟು ಮುಗಿಸಿದ್ದರು.

ವಕೀಲರು: ಕೆಂಪು ಅರಗಿನ ಮೊಹರು ಇತ್ತಲ್ಲ, ನೋಡಿಲ್ಲೇನು?

ವಿಮಲಾಬಾಯಿ: ನೋಡೀನ್ರಿ. ಮೊದಲ ಹಲ್ಲಿಲೆ ಎಳದೆ, ಬರಲಿಲ್ಲ. ಆಮ್ಯಾಲ ಕತ್ತರಿ ತಗೊಂಡೆ.

ವಕೀಲರು: ಸಾಕ್ಷಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು!

ವಿಮಲಾಬಾಯಿ: ಹಂಗಾರ ನಾನೂ ಒಂದು ಕೇಳ್ತೀನ್ರಿ. ಕೋರ್ಟಿನ ಸಾಮಾನು ತಂದು ನನ್ನ ಬ್ಯಾಳಿ ಡಬ್ಬಿ ಬಾಜೂಕ ಇಟ್ಟವರು ಯಾರು?

ವಕೀಲರು: ಆಫೀಸಿನಾಗ ಇಲಿ ಕಾಟ ಅಂತ ನಾನೇ ಇಟ್ಟೆ. ಬ್ಯಾಳಿ ನಡು ಬ್ಯಾಳಿ ಇದ್ದರ ಯಾರಿಗೂ ಗೊತ್ತಾಗಲ್ಲ ಅಂತ.

ವಿಮಲಾಬಾಯಿ: ನನಗೂ ಗೊತ್ತಾಗಲಿಲ್ಲ ನೋಡ್ರಿ.

ವಕೀಲರು: ಈಗಷ್ಟ ಮೊಹರು ನೋಡೀನಿ ಅಂದಿ!

ವಿಮಲಾಬಾಯಿ: ನೋಡೋದು ಬ್ಯಾರೆ, ಗೊತ್ತಾಗೋದು ಬ್ಯಾರೆ. ದಿನಾ ಕೋರ್ಟಿನಾಗ ನೀವೇ ಹೇಳ್ತೀರಲ್ಲ?

ವಕೀಲರು: ಮನ್ಯಾಗ ಬ್ಯಾರೆ ಬ್ಯಾಳಿ ಇದ್ದಿಲ್ಲೇನು?

ವಿಮಲಾಬಾಯಿ: ಒಂದು ಹಿಡಿ ಇತ್ತು. ಉಣ್ಣೋರು ಒಂಬತ್ತು ಮಂದಿ. ಹನ್ನೊಂದು ವರ್ಷ ನಮ್ಮ ಭಾಂಡಿ ತಿಕ್ಕಿದಾಕಿ ಸುಭದ್ರಾಬಾಯಿ. ಇವತ್ತ ಮಧ್ಯಾಹ್ನದ ಗಾಡೀಗಿ ಮಕ್ಕಳು ಮರಿ ಕಟಗೊಂಡು ಪುಣೆಕ್ಕ ದುಡೀಲಾಕ ಹೊಂಟಾಳ. ನಿನ್ನೆ ಊಟಕ್ಕ ಕರದು, ಆಕೀಗಿ ರೊಟ್ಟಿ ಮ್ಯಾಲ ಬರೇ ಹಿಂಡಿ ಚಟ್ನಿ ಹಾಕಿ ಕಳಸಲೇನ್ರಿ? ನನ್ನ ಕೈ ಏಳಲಿಲ್ಲ.

ವಿಮಲಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು.

ವಕೀಲರು: ಆಕಿ ಮಗ ದುಡೀತಿದ್ದನಲ್ಲ? ಯಾಕ ಹೊಂಟಾರ?

ವಿಮಲಾಬಾಯಿ: ದುಡೀತಿದ್ದ, ಭಾಲ್ಕ್ಯಾಗ, ಬ್ಯಾಳಿ ಮಿಲ್ಲಿನಾಗ. ಯಾರೋ ವಕೀಲರು ದಾವಾ ಹಾಕ್ಯಾರಂತ, ಇನ್ನೂರು ಚೀಲ ಮಾಲು ಅಲ್ಲೂ ಇಲ್ಲ ಇಲ್ಲೂ ಇಲ್ಲ ಆಗ್ಯಾದಂತ, ರೊಕ್ಕ ಸಿಕ್ಕಿಲ್ಲಂತ. ಮಿಲ್ ಬಂದ್.

ವಕೀಲರು: ಯಾರೋ ವಕೀಲರು ಅಂದ್ರ?

ವಿಮಲಾಬಾಯಿ: ಹೆಸರು ಹ್ಯಾಂಗ ಹೇಳ್ಲಿ? ಗಂಡನ ಹೆಸರು ಎಂದಾದ್ರೂ ಬಾಯಿಲೆ ಅಂದೀನೇನ್ರಿ?

ವಕೀಲರು ಕೆಮ್ಮಿದರು. ಸಿಕ್ಕಿಬಿದ್ದಾಗ ಕೋರ್ಟಿನಲ್ಲಿಯೂ ಅವರು ಹೀಗೇ ಕೆಮ್ಮುವುದು.

ವಕೀಲರು: ಅದು ಇರಲಿ. ಆ ಬ್ಯಾಳಿ ಬೇಯಲ್ಲ ಅಂತ ನನ್ನ ದಾವಾ ಅದ. ನೀ ಹ್ಯಾಂಗ ಬೇಯಿಸಿದಿ?

ವಿಮಲಾಬಾಯಿ: ಉಂಡವರು ನೀವು, ನೀವೇ ಹೇಳ್ರಿ.

ವಕೀಲರು: ನಿನ್ನೆ ಉಂಡಿದ್ದು… ಅದೇ ಏನು?

ವಿಮಲಾಬಾಯಿ: ಎಷ್ಟು ಸಲ ಹಾಕಿಸಿಕೊಂಡ್ರಿ?

ವಕೀಲರು: ನೆನಪಿಲ್ಲ.

ವಿಮಲಾಬಾಯಿ: ಮೂರು ಸಲ. ಉಂಡು ಏನಂದ್ರಿ?

ವಕೀಲರು: ದಾಖಲೆ ಇಲ್ಲ.

ವಿಮಲಾಬಾಯಿ: ‘ವಿಮಲಾ, ಬ್ಯಾಳಿ ಬೆಣ್ಣಿ ಆಗ್ಯಾದ’ ಅಂದ್ರಿ. ಒಂಬತ್ತು ಮಂದಿ ಕೇಳ್ಯಾರ. ಗಾಡಿ ಹೋಗೋದ್ರೊಳಗ ಸಾಕ್ಷಿ ಕರಸಲೇನು?

ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಕಾಶೀರಾಮ ಸಾವಕಾರರು ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು, ಮಗಳ ಮದುವೆ ಗೊತ್ತಾದವರಷ್ಟು ಖುಷಿಯಿಂದ ಒಳಗೆ ಬಂದರು.

ಕಾಶೀರಾಮ: ಸಾಹೇಬ್ರ, ಇನ್ನೂ ಎರಡು ದಾವಾ ತಂದೀನಿ! ಒಬ್ಬವ ಕಡ್ಲಿ ಬ್ಯಾಳಿ ಕೊಟ್ಟವ, ಇನ್ನೊಬ್ಬವ ಹೆಸರು ಬ್ಯಾಳಿ ಕೊಟ್ಟವ. ಅವೂ ಬೇಯಲ್ಲ! ಗಂಜಿನ ತುಂಬಾ ಕಳ್ಳರೇ ಕುಂತಾರ.

ವಿಮಲಾಬಾಯಿ: ಸಾವಕಾರ್ರ, ಎಲ್ಲಾ ನಿಮ್ಮ ಮನ್ಯಾಗೇ ಬೇಯಿಸಿ ನೋಡಿದ್ರೇನು?

ಕಾಶೀರಾಮ: ಮತ್ತ ಎಲ್ಲಿ ನೋಡ್ಲಿ ವೈನಿ? ಸ್ವತಾ ಎದುರಿಗಿ ನಿಂತು ಬೇಯಿಸಿ ನೋಡೀನಿ. ಎರಡು ತಾಸಾದ್ರೂ ಗಟ್ಟಿ ಅಂದ್ರ ಗಟ್ಟಿ.

ವಿಮಲಾಬಾಯಿ: ಯಾವ ನೀರಿನಾಗ?

ಕಾಶೀರಾಮ: ನೀರಿನಾಗ ಯಾವುದು ಇರ್ತದ? ಹೊಸಾ ಬೋರ್ ಹೊಡಸೀನಲ್ಲ, ಆರುನೂರು ಫೂಟು. ಅದರ ನೀರು.

ವಿಮಲಾಬಾಯಿ: ಆ ನೀರಿಲೆ ಚಹಾ ಹ್ಯಾಂಗ ಆಗ್ತದ?

ಕಾಶೀರಾಮ: ಹಾಲು ಒಡೀತದ. ಆ ಹಾಲಿನವನಿಗೂ ಒಂದು ನೋಟೀಸ್ ಕೊಡಬೇಕಾಗ್ಯಾದ, ಸಾಹೇಬ್ರ.

ವಕೀಲರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಕೊಟ್ಟವರು ಮೂವರು, ಬೇಳೆ ಮೂರು ತರ, ನೀರು ಮಾತ್ರ ಒಂದೇ.

ವಿಮಲಾಬಾಯಿ: ಸವಳ ನೀರಿನಾಗ ಯಾ ಬ್ಯಾಳೀನೂ ಬೇಯಲ್ರಿ. ನಿನ್ನೆ ಈ ಮೊಹರಿನ ಬ್ಯಾಳಿಗಿ ನಾ ಹಾಕಿದ್ದು ನಮ್ಮ ತವರೂರು ಕಮಠಾಣದ ಬಾವಿ ಸಿಹಿ ನೀರು. ನಮ್ಮ ಅಣ್ಣ ಪಂಢರಿ ಗಾಡಿ ಮ್ಯಾಲ ಎರಡು ಕ್ಯಾನ್ ತಂದು ಕೊಟ್ಟ. ‘ತವರುಮನಿಯವರು ಸೀರಿ ತರ್ತಾರ, ನಿಮ್ಮವರು ನೀರು ತಂದಾರ’ ಅಂತ ನಕ್ಕಿದ್ರಿ ನೀವು.

ವಕೀಲರು: ಸಾವಕಾರ್ರ, ನಿಮಗ ಮನ್ಯಾಗ ಇದು ಯಾರೂ ಹೇಳಿಲ್ಲೇನ್ರಿ?

ಕಾಶೀರಾಮ: ನಮ್ಮ ಭಾಗೀರಥಿಬಾಯಿ ಅಂದಿದ್ದಳು. ಹೆಂಗಸರಿಗೆ ವ್ಯವಹಾರ ಏನು ತಿಳೀತದ ಅಂತ ಬಿಟ್ಟೆ.

ವಿಮಲಾಬಾಯಿ: ಖರೇ ಅದರಿ. ನೀರು ಹೊರೋದು ನಮ್ಮ ಕೆಲಸ, ತಿಳಿಯೋದು ನಿಮ್ಮ ಕೆಲಸ.

ಕಾಶೀರಾಮ: ಅಂದ್ರ ನಮ್ಮ ಸಾಕ್ಷಿ ಚೀಲ ಒಲಿ ಮ್ಯಾಲ ಹೋಯಿತೇನು? ಹೋಗಲಿ ಬಿಡ್ರಿ. ಅಂಗಡ್ಯಾಗ ಹುಳಾ ಬಿದ್ದ ಬ್ಯಾಳಿ ಅದ, ಎರಡು ಕಿಲೋ ತರ್ತೀನಿ. ಅರಗು ನಿಮ್ಮಲ್ಲಿ ಇದ್ದೇ ಅದ.

ವಕೀಲರು: ಮೂವತ್ತು ವರ್ಷ ಕಾಯ್ದೆ ಬಗ್ಗಿಸೀನಿ ಸಾವಕಾರ್ರ, ಮುರದಿಲ್ಲ. ಕುಂಡ್ರಿ ಸುಮ್ಮನ.

ಆಗ ಫೋನು ಬಂತು. ಮಕ್ಬೂಲ ಸೇಟರ ವಕೀಲ ಅಯ್ಯುಬ. ವಿಮಲಾಬಾಯಿಯೇ ಸ್ಪೀಕರ್ ಒತ್ತಿ ಫೋನನ್ನು ಕಟ್ಟೆಯ ಮೇಲೆ ಇಟ್ಟರು.

ಅಯ್ಯುಬ: ದತ್ತಾತ್ರಿ ಸಾಬ್, ಕೇಸ್ ಮುಗಸೋಣ. ನಾವು ಸೋತೀವಿ. ಕೋರ್ಟಿಗಿ ತರೋಕ್ಕಿಂತ ಮೊದಲ ಒಮ್ಮಿ ನೋಡೋಣಂತ ಮಕ್ಬೂಲ ಸೇಟ್ ತಮ್ಮ ಚೀಲ ಬಿಚ್ಚಿ ಬೇಯಿಸ್ಯಾರ. ನಾಲ್ಕು ತಾಸಾದ್ರೂ ಕಲ್ಲಿನಂಗ ಅದ. ಬಿಚಾರಾ ಕಣ್ಣಾಗ ನೀರು ತಂದಾರ. ಮಾಲು ವಾಪಸ್ ಒಯ್ತಾರ, ಮಿಲ್ ಮಾರ್ತಾರಂತ.

ಕಾಶೀರಾಮ ಸಾವಕಾರರು ಕುರ್ಚಿಯಿಂದ ಅರ್ಧ ಎದ್ದು, ‘ಹೂಂ ಅನ್ರಿ, ಹೂಂ ಅನ್ರಿ’ ಎಂದು ಎರಡೂ ಕೈ ಆಡಿಸಿದರು. ವಿಮಲಾಬಾಯಿ ಗೋಡೆ ಗಡಿಯಾರ ನೋಡಿದರು, ಗಂಡನ ಮುಖ ನೋಡಿದರು. ಎದುರಿನವನು ತಾನಾಗಿ ಬೀಳುವಾಗ ಬಾಯಿ ತೆರೆಯಬಾರದು ಎನ್ನುವುದು ವಕೀಲರು ತಮ್ಮ ಜೂನಿಯರುಗಳಿಗೆ ಕಲಿಸುವ ಮೊದಲನೆಯ ಪಾಠ. ಮೂವತ್ತು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ತಪ್ಪಿರಲಿಲ್ಲ. ಅವರು ಫೋನನ್ನು ಅಂಗೈಯಿಂದ ಮುಚ್ಚಿದರು.

ವಕೀಲರು: ಗೊತ್ತಿಲ್ಲದೆ ಗೆದ್ದರ ಅದು ಗೆಲುವು, ಸಾವಕಾರ್ರ. ಗೊತ್ತಿದ್ದು ಗೆದ್ದರ ಅದಕ್ಕ ಬ್ಯಾರೆ ಸೆಕ್ಷನ್ ಅದ. ನಾಳಿ ಸೇಟರ ಮನಿಯವರು ಸಿಹಿ ನೀರಿನಾಗ ಒಮ್ಮಿ ಬೇಯಿಸಿದ್ರಂದ್ರ, ಮುಂದಿನ ಕೇಸಿನಾಗ ಕಟಕಟ್ಯಾಗ ನಿಲ್ಲೋರು ನೀವು. ಹೇಳ್ರಿ, ಕೇಳಲೋ ಬ್ಯಾಡೋ?

ಕಾಶೀರಾಮ: ಅಯ್ಯಯ್ಯೋ. ಕೇಳ್ರಿ, ಕೇಳಿಬಿಡ್ರಿ.

ವಕೀಲರು: ಅಯ್ಯುಬ ಭಾಯಿ, ಒಂದೇ ಪ್ರಶ್ನೆ. ಯಾವ ನೀರಿನಾಗ ಬೇಯಿಸ್ಯಾರ?

ಅಯ್ಯುಬ: ನೀರೇನ್ರಿ? ಟ್ಯಾಂಕರ್ ನೀರು. ಬಾಯಾಗ ಹಾಕಲಾಕ ಬರಲ್ಲ, ಅಷ್ಟು ಸವಳು. ಯಾಕ ಕೇಳ್ತೀರಿ? (ಆ ಕಡೆ ಹಣೆ ಬಡಿದುಕೊಂಡ ಸದ್ದು.) ಯಾ ಅಲ್ಲಾ! ನಮ್ಮ ಮನ್ಯಾಗ ಖುರ್ಷಿದ ಬೇಗಂ ನಿನ್ನೆನೇ ಅಂದಿದ್ದಳು!

ವಕೀಲರು: ಎಲ್ಲರ ಮನ್ಯಾಗೂ ಅಂದಾರ, ಭಾಯಿ. ನಮ್ಮ ಸಾವಕಾರ್ರು ಮಾಲು ಇಟಗೊಂಡು ರೊಕ್ಕ ಕೊಡ್ತಾರ, ದಾವಾ ವಾಪಸ್ ತಗೋತೀನಿ. ಮಿಲ್ ಯಾವಾಗ ಚಾಲೂ ಮಾಡ್ತಾರ ಕೇಳ್ರಿ.

ಅಯ್ಯುಬ: ಕೇಳೋದೇನ್ರಿ? ನಾಡಿದ್ದು ಚಾಲೂ.

ಈ ಮಾತು ಮುಗಿಯುವ ಮೊದಲೇ ವಿಮಲಾಬಾಯಿ ಚಪ್ಪಲಿ ಮೆಟ್ಟಿಯಾಗಿತ್ತು.

ವಕೀಲರು: ಎಲ್ಲಿಗಿ?

ವಿಮಲಾಬಾಯಿ: ಬಸ್ ಸ್ಟ್ಯಾಂಡಿಗಿ. ಸುಭದ್ರಾಬಾಯಿ ಗಂಟು ಇಳಸಲಾಕ.

ವಕೀಲರು: ಒಂದು ಹೇಳಿ ಹೋಗು. ಅಯ್ಯುಬ ಫೋನ್ ಮಾಡಿಲ್ಲಂದ್ರ, ಚೀಲ ಇಲ್ಲದೆ ನಾ ಕೋರ್ಟಿನಾಗ ಏನು ತೋರಿಸಬೇಕಿತ್ತು?

ವಿಮಲಾಬಾಯಿ ಮತ್ತೆ ಒಳಗೆ ಬಂದು ಮೇಲಿನ ಹಲಗೆಯಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿ ಗಂಡನ ಮುಂದಿಟ್ಟರು. ಒಳಗೆ ಒಂದು ಕಿಲೋ ಬೇಳೆ; ಅದರ ಮೇಲೆ ಕತ್ತರಿಸಿ ಜೋಪಾನವಾಗಿ ಇಟ್ಟ ಕೆಂಪು ಮೊಹರು.

ವಿಮಲಾಬಾಯಿ: ಮೂವತ್ತು ವರ್ಷ ವಕೀಲರ ಜೋಡಿ ಬಾಳೇವು ಮಾಡೀನ್ರಿ. ಸಾಕ್ಷಿ ಪೂರಾ ಬಡಿಸಿಬಿಡ್ತೀನೇನು?

ವಕೀಲರು: ಹಂಗಾರ ಗೊತ್ತಿದ್ದೇ ಬೇಯಿಸಿದಿ ಏನು?

ವಿಮಲಾಬಾಯಿ (ಬಾಗಿಲು ದಾಟುತ್ತ): ದಾಖಲೆ ಇಲ್ರಿ.