ಮಾವ ತಟ್ಟಿ ನೋಡಿದ್ದು

ನಮ್ಮ ಸೋದರಮಾವನನ್ನು ಮಾತ್ರ ನಿಮ್ಮ ಮನೆಗೆ ಕರೆಯಬೇಡಿ. ಕರೆದರೂ ಮೇಜು, ಕುರ್ಚಿ, ಬಾಗಿಲುಗಳನ್ನು ಎಲ್ಲಾದರೂ ಅಡಗಿಸಿಡಿ! ಬಾಗಿಲನ್ನು ಅಡಗಿಸುವುದು ಹೇಗೆಂದು ನನ್ನನ್ನು ಕೇಳಬೇಡಿ, ಅದು ನಿಮ್ಮ ಪಾಡು. ಮಾವ ಬಂದವರೇ ನಡುಬೆರಳಿನ ಗೆಣ್ಣಿನಿಂದ ಕಂಡದ್ದನ್ನೆಲ್ಲ ಟಕಟಕ ತಟ್ಟುತ್ತಾರೆ. ಆಮೇಲೆ ತೀರ್ಪು. ಅದಕ್ಕೆ ಮೇಲ್ಮನವಿ ಇಲ್ಲ.

ಉಪ್ಪಿನಂಗಡಿಯ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ಪ್ರಾಯವೆಲ್ಲ ಕಳೆದವರು ಅವರು. ಆ ಸದ್ದಿಗೆ ಕಿವಿ ಮುಕ್ಕಾಲು ಹೋಗಿದೆ. ನಾವು ಕಿರುಚಿದರೂ ಕೇಳಿಸದ ಮನುಷ್ಯನಿಗೆ ಹಲಸು ಯಾವುದು, ಹೆಬ್ಬಲಸು ಯಾವುದು ಎಂಬುದು ಬೆರಳಿನಲ್ಲೇ ಗೊತ್ತಾಗುತ್ತದೆ!

ನನಗೆ ಹೆಣ್ಣು ನೋಡಲು ಕಡಬಕ್ಕೆ ಹೋಗಿದ್ದೆವು. ಹುಡುಗಿ ಕಾಫಿ ತರುವ ಹೊತ್ತಿಗೆ ಮಾವ ನಾಪತ್ತೆ. ನೋಡಿದರೆ ಜಗಲಿಯಲ್ಲಿ ನಿಂತು ಬಾಗಿಲು ತಟ್ಟುತ್ತಿದ್ದಾರೆ. ಹುಡುಗಿಯ ಅಪ್ಪ ಗಾಬರಿಯಾಗಿ, "ಬಾಗಿಲು ತೆರೆದೇ ಉಂಟಲ್ಲ, ಒಳಗೆ ಬನ್ನಿ ಮಾರಾಯ್ರೆ!" ಎಂದರು.

"ಹೆಬ್ಬಲಸು!" ಎಂದು ಮಾವ ಘೋಷಿಸಿದರು. "ಇಂಥ ಗಟ್ಟಿ ಮರ ಹಾಕಿದ ಮನೆ, ಇನ್ನು ನೋಡುದು ಎಂತಕ್ಕೆ? ನಮಗೆ ಒಪ್ಪಿಗೆ."

ನಾನಿನ್ನೂ ಹುಡುಗಿಯ ಮುಖ ನೋಡಿರಲಿಲ್ಲ! "ನೀವು ಮದುವೆಯಾದದ್ದು ನಮ್ಮ ಬಾಗಿಲನ್ನು" ಎಂದು ಹೆಂಡತಿ ಇಂದಿಗೂ ಚುಚ್ಚುತ್ತಾಳೆ.

ಮಾವನ ಕಾಲದಲ್ಲಿ ಮಿಲ್ಲಿಗೆ ದಿಮ್ಮಿ ಬರುತ್ತಿತ್ತು, ಹಲಗೆ ಹೋಗುತ್ತಿತ್ತು. ಗರಗಸ ಉದುರಿಸಿದ ಹುಡಿ ಒಲೆಗೆ. ಆಮೇಲೆ ಪ್ಲೈವುಡ್ ಬಂತು. "ಮರವನ್ನು ಹಪ್ಪಳ ಮಾಡಿ ಅಂಟಿಸುದು" ಎಂದು ಮಾವ ನಕ್ಕರು. ಸುಳ್ಯದ ಕಡೆಯ ರಬ್ಬರ್ ಮರಗಳೂ ಹಪ್ಪಳವಾಗಲು ಲಾರಿ ಹತ್ತಿದವು. ಕೊನೆಗೆ ಮರದ ಹುಡಿಯನ್ನೇ ಒತ್ತಿ ಹಲಗೆ ಮಾಡಿ, ಮೇಲೆ ತೇಗದ ಚಿತ್ರವಿರುವ ಕಾಗದ ಅಂಟಿಸಿದ ಕಪಾಟುಗಳು ಬಂದವು. ಮಾವನಿಗೆ ನಗುವುದಕ್ಕೂ ಆಗಲಿಲ್ಲ. "ನಾವು ಒಲೆಗೆ ಹಾಕಿದ್ದಕ್ಕೆ ಇವರು ಮರದ ಫೋಟೋ ಅಂಟಿಸಿ ಮಾರುದಾ!"

ಇಂಥ ಮಾವನ ಅಳಿಯ ಪುತ್ತೂರಿನಲ್ಲಿ ಎಂಥ ಅಂಗಡಿ ತೆರೆದ ಹೇಳಿ? ಅವೇ ಹುಡಿ ಕಪಾಟುಗಳದ್ದು! ಇದ್ದ ಕೆಲಸ ಬಿಟ್ಟು ಹಾಕಿದ ಅಂಗಡಿ. ನಡೆಯದಿದ್ದರೆ ನನಗೆ ಬೇರೆ ದಾರಿ ಇರಲಿಲ್ಲ. ಆರಂಭದ ದಿನ ಮಾವನನ್ನು ಕರೆಯದಿರುವುದು ಹೇಗೆ? ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಮಾವನ ಅದೇ ಗರಗಸದ ಕೆಲಸ.

"ಮಾವ, ಇವತ್ತೊಂದು ದಿನ ತಟ್ಟಬೇಡಿ" ಎಂದು ಕಿವಿಯ ಹತ್ತಿರ ಕೂಗಿ ಬೇಡಿಕೊಂಡೆ. ಪಾಪ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟ್ರಿಂದ ಬೈಸಿಕೊಂಡವರ ಹಾಗೆ ಮೂಲೆಯಲ್ಲಿ ನಿಂತರು.

ಆದರೆ ಮೊದಲ ಗಿರಾಕಿ ಉಪ್ಪಿನಂಗಡಿಯವರೇ ಆಗಬೇಕೇ? ಮಾವನನ್ನು ಕಪಾಟೊಂದರ ಮುಂದೆ ಕರೆತಂದು ಕಿವಿಯ ಹತ್ತಿರ ಕೂಗಿದರು. "ನೀವೇ ಇದ್ದೀರಲ್ಲ! ಒಮ್ಮೆ ತಟ್ಟಿ ಹೇಳಿ. ನೀವು ಹೇಳಿದ್ರೆ ತಗೊಳ್ತೇನೆ."

ಮರದ ವಿಷಯದಲ್ಲಿ ಮಾವ ಒಂದು ದಿನವೂ ಸುಳ್ಳು ಹೇಳಿದವರಲ್ಲ. ಮಾವ ಒಮ್ಮೆ ನನ್ನ ಮುಖ ನೋಡಿದರು, ಕೈ ಬಿಚ್ಚಿದರು, ತಟ್ಟಿದರು.

"ಇದು ಹುಡಿ" ಎಂದರು.

ಮುಗಿಯಿತು ಅಂದುಕೊಂಡೆ.

"ನೀರು ತಾಗಿಸಬೇಡಿ. ಬಟ್ಟೆ ಇಡಿ, ಭಾರ ಇಡಬೇಡಿ. ಹಲಸಿನ ಹಾಗೆ ಮೊಮ್ಮಕ್ಕಳ ಕಾಲಕ್ಕೆ ಬರುದಿಲ್ಲ. ಸರಿ ನೋಡಿಕೊಂಡ್ರೆ ನಿಮಗೆ ಸಾಕು. ಎಂತಾದ್ರೂ ಆದ್ರೆ ಇವನ ಹತ್ತಿರ ಬನ್ನಿ." ಆಮೇಲೆ ಅದೇ ಗೆಣ್ಣಿನಿಂದ ನನ್ನ ಬೆನ್ನಿಗೆ ಎರಡು ಸಲ ತಟ್ಟಿದರು. "ಇವನನ್ನು ನಾನು ಸಣ್ಣದರಿಂದ ತಟ್ಟಿ ನೋಡಿದ್ದೇನೆ. ಇದು ಗಟ್ಟಿ ಉಂಟು."

ಕಪಾಟು ಆಟೋ ಟೆಂಪೋ ಹತ್ತಿತು. ನಾನು ಮಾವನಿಗೆ ಏನೋ ಹೇಳಲು ಹೋದೆ. ಅದು ಕೂಗಿ ಹೇಳುವ ಮಾತಲ್ಲ, ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ. ನನ್ನ ಅನ್ನಕ್ಕಾಗಿ ಆ ಕಿವಿಗಳನ್ನು ಅವರು ಮಿಲ್ಲಿನಲ್ಲೇ ಬಿಟ್ಟು ಬಂದಿದ್ದರು. ಸುಮ್ಮನೆ ಅವರ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ನಿಂತೆ. ಆ ಬೆರಳಿಗೆ ಎಲ್ಲ ಗೊತ್ತಾಗುತ್ತದೆ.